ನೀಲಿ ಕೂದಲಿನ ಬಿ. ಎನ್. ಗಿರಿಜ

ನನ್ನ ಬಲಗೈ ಹೆಬ್ಬೆರಳಿಗೆ ಒಂದು ಕೆಟ್ಟ ಚಾಳಿ ಇದೆ. ಎಲ್ಲಾದರೂ ತಾಳ ಕಿವಿಗೆ ಬಿದ್ದರೆ ಸಾಕು, ಒಂದು, ಎರಡು, ಮೂರಕ್ಕೆ ಸುಮ್ಮನಿದ್ದು ನಾಲ್ಕಕ್ಕೆ ಸರಿಯಾಗಿ ಟಕ್ಕೆಂದು ಕುಟ್ಟುತ್ತದೆ. ತರೀಕೆರೆ ಬಸ್ಸಿನಲ್ಲಿ ಡ್ರೈವರು ಹಾಡು ಹಾಕಿದರೆ ಮುಂದಿನ ಸೀಟಿನ ಕಂಬಿಯ ಮೇಲೆ, ಮಠದಲ್ಲಿ ಭಜನೆಯವರು ತಾಳ ಹಿಡಿದರೆ ನನ್ನದೇ ಮಂಡಿಯ ಮೇಲೆ. ಒಮ್ಮೆ ಮದುವೆಮನೆಯ ಊಟದ ಸಾಲಿನಲ್ಲಿ ಕೂತಿದ್ದಾಗ, ಹೊರಗೆ ಬ್ಯಾಂಡಿನವರು ಬಾರಿಸುವುದಕ್ಕೆ ಸರಿಯಾಗಿ ಎಲೆಯ ಮೇಲಿದ್ದ ಹಪ್ಪಳವನ್ನು ಕುಟ್ಟಿ ಪುಡಿ ಮಾಡಿಬಿಟ್ಟೆ. ಪಕ್ಕದ ಹೆಂಗಸು ನನ್ನನ್ನೊಮ್ಮೆ, ಹಪ್ಪಳವನ್ನೊಮ್ಮೆ ನೋಡಿ, ತಮ್ಮ ಎಲೆಯನ್ನು ಸ್ವಲ್ಪ ಆಚೆಗೆ ಎಳೆದುಕೊಂಡರು.

ನಾನು ತರೀಕೆರೆಯ ಒಂದು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಮೇಡಂ. ಮೊನ್ನೆ ಸ್ಕೂಲ್ ಡೇಗೆ ಮಕ್ಕಳು ಡ್ಯಾನ್ಸ್ ಅಭ್ಯಾಸ ಮಾಡುತ್ತಿದ್ದಾಗ ನನ್ನ ಹೆಬ್ಬೆರಳು ಮೇಜಿನ ಮೇಲೆ ತನ್ನ ಕೆಲಸ ಶುರುವಿಟ್ಟುಕೊಂಡಿತು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ನೋಡಿ, "ಮೇಡಂ, ನೀವೂ ಡ್ಯಾನ್ಸ್ ಮಾಡ್ತಿದ್ರಾ?" ಎಂದಳು.

"ಹೂಂ ಕಣೇ. ದೇಶ ದೇಶದೋರ ಜೊತೆ ಮಾಡಿದೀನಿ. ಗೆದ್ದೂ ಇದೀನಿ."

ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗಲಿ ಬಿಡಿ. ನನ್ನ ಗಾತ್ರ ನೋಡಿದರೆ ನಿಮಗೂ ನಗು ಬಂದೀತು. ಆದರೆ ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ನೆಲದ ಮೇಲಿನ ಕುಣಿತ ನನಗೆ ಯಾವತ್ತೂ ಒಲಿದಿಲ್ಲ ಅನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೀರೂರಿನಲ್ಲಿ ಪ್ರೈಮರಿ ಸ್ಕೂಲಿನಲ್ಲಿದ್ದಾಗ ಟೀಚರು ನನ್ನನ್ನು ಮೊದಲನೇ ಸಾಲಿನಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ ಸರಿಸಿ, ಕೊನೆಗೆ ಪರದೆಯ ಹಿಂದೆ ಟೇಪ್ ರೆಕಾರ್ಡರಿನ ಗುಂಡಿ ಒತ್ತುವುದಕ್ಕೆ ಕೂರಿಸಿದರು. ಆ ಕೆಲಸವನ್ನು ಮಾತ್ರ ಬಲು ಚೆನ್ನಾಗಿ ಮಾಡಿದೆ. ನನಗೆ ಕುಣಿಯುವುದನ್ನು ಕಲಿಸಲು ಹಟ ಹಿಡಿದವಳು ಒಬ್ಬಳೇ, ಅಜ್ಜಂಪುರದ ಶಶಿ. ಅವಳು ನನ್ನ ಸೋದರತ್ತೆಯ ಮಗಳು. ನನಗಿಂತ ಒಂದೂವರೆ ವರ್ಷಕ್ಕೆ ದೊಡ್ಡವಳು. ವರಸೆಯಲ್ಲಿ ಅತ್ತಿಗೆ ಅನ್ನಬೇಕು, ಆದರೆ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಕಿತ್ತಾಡಿಕೊಂಡು ತಿಂದವಳನ್ನು ಅತ್ತಿಗೆ ಅನ್ನುವುದು ಹೇಗೆ? ಬೇಸಿಗೆ ರಜೆ ಬಂದರೆ ನಾನು ರೈಲು ಹತ್ತಿ ಅಜ್ಜಂಪುರಕ್ಕೆ. ಅತ್ತೆಯ ಮನೆಯ ಜಗಲಿಯ ಮೇಲೆ ಶಶಿ ನನ್ನ ಎರಡೂ ಕೈ ಹಿಡಿದು, "ಒಂದು, ಎರಡು, ಮೂರು, ಲೇ, ಈಗ ಕಾಲು ಎತ್ತೇ ಎಮ್ಮೆ!" ಎನ್ನುತ್ತಿದ್ದಳು. ನಾನು ಎತ್ತುವ ಹೊತ್ತಿಗೆ ತಾಳ ಮುಗಿದಿರುತ್ತಿತ್ತು.

ನನಗೆ ಹದಿಮೂರು ತುಂಬಿದ ವರ್ಷ ಆ ಜಗಲಿ ನನ್ನ ಪಾಲಿಗೆ ಇಲ್ಲವಾಯಿತು. ಅಪ್ಪ ಬೀರೂರಿನಲ್ಲಿ ಒಂದು ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಒಡಹುಟ್ಟಿದ ತಂಗಿಯನ್ನು ಕರೆಯಲು ಅಜ್ಜಂಪುರಕ್ಕೆ ಹೋದ. ಅತ್ತೆಯ ಮನೆಗೆ ಬೀಗ. ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಹಳಿ ಬದಲಿಸುವ ಕೆಲಸ. ಸಂಜೆ ಡ್ಯೂಟಿ ಇತ್ತು, ಕಾಯುವ ಹಾಗಿರಲಿಲ್ಲ. ಆಮಂತ್ರಣ ಪತ್ರಿಕೆಯನ್ನು ಕಿಟಕಿಯ ಸರಳಿಗೆ ಸಿಗಿಸಿ, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಬಂದುಬಿಟ್ಟ. ಆಗಿದ್ದು ಇಷ್ಟೇ.

ಆದರೆ ನಮ್ಮ ಕಡೆ ಇದು ಇಷ್ಟೇ ಅಲ್ಲ. ಹೆಣ್ಣುಮಗಳನ್ನು ತವರಿಗೆ ಕರೆಯುವುದಕ್ಕೊಂದು ರೀತಿ ಇದೆ. ಒಳಗೆ ಬಂದು ಕೂತು, ಅರಿಶಿನ ಕುಂಕುಮ ಕೊಟ್ಟು, ಪತ್ರಿಕೆಯನ್ನು ಕೈಗಿಟ್ಟು, "ಬರಲೇಬೇಕು ಕಣಮ್ಮ" ಅನ್ನಬೇಕು. ಅತ್ತೆ ಬರಲಿಲ್ಲ. "ಕರೆಂಟ್ ಬಿಲ್ ಸಿಗಿಸ್ದಂಗೆ ಸಿಗಿಸಿ ಹೋದ" ಎಂದಳಂತೆ. ಅದು ಅಪ್ಪನ ಕಿವಿಗೆ ಬಿತ್ತು. "ಅಣ್ಣ ಕರ್ದ ಅನ್ನೋದ್ ದೊಡ್ದಾ, ಎಲ್ಲಿಟ್ಟ ಅನ್ನೋದ್ ದೊಡ್ದಾ?" ಎಂದು ಅವನೂ ಬಿಗಿದುಕೊಂಡ. ಆರು ವರ್ಷ ಮಾತಿಲ್ಲ, ಕತೆಯಿಲ್ಲ. ಫೋನ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಎರಡೂ ಮನೆಯಲ್ಲಿತ್ತು. ಮೊದಲು ಯಾರು ಮಾಡಬೇಕು ಅನ್ನುವುದೇ ಇತ್ಯರ್ಥವಾಗಲಿಲ್ಲ.

ಈಗ ನನ್ನ ಹೆಬ್ಬೆರಳಿನ ವಿಚಾರಕ್ಕೆ ಬರುತ್ತೇನೆ.

ನಾನು ಡಿಗ್ರಿ ಓದಲು ಬೀರೂರಿನಿಂದ ಕಡೂರಿಗೆ ಓಡಾಡುತ್ತಿದ್ದ ಕಾಲ. ಸ್ಟೇಷನ್ ರಸ್ತೆಯಲ್ಲೊಂದು ಸೈಬರ್ ಸೆಂಟರ್ ಇತ್ತು. ಏಳು ಕಂಪ್ಯೂಟರು, ಮಧ್ಯೆ ಮಧ್ಯೆ ಪ್ಲೈವುಡ್ಡಿನ ಗೋಡೆ, ಪ್ರತಿಯೊಂದಕ್ಕೂ ಹೂವಿನ ಚಿತ್ರದ ಒಂದು ಕರ್ಟನ್. ರಿಸಲ್ಟ್ ನೋಡಲು ಹೋದವಳು, ಪಕ್ಕದ ಗೂಡಿನಿಂದ ಬರುತ್ತಿದ್ದ ಟಕಟಕ ಸದ್ದು ಕೇಳಿ ಇಣುಕಿದೆ. ಪರದೆಯ ಮೇಲೆ ಆರು ಬೊಂಬೆಗಳು ಬಣ್ಣದ ದೀಪದ ಕೆಳಗೆ ಕುಣಿಯುತ್ತಿದ್ದವು. ಒಂದೊಂದನ್ನೂ ಒಂದೊಂದು ಊರಿನಲ್ಲಿ ಕೂತವರು ಆಡಿಸುತ್ತಿದ್ದರು. ನನಗೆ ಅಲ್ಲೇ ಹುಚ್ಚು ಹಿಡಿಯಿತು.

ಆಟ ಬಹಳ ಸರಳ. ಹಾಡು ಶುರುವಾದರೆ ಪರದೆಯ ಕೆಳಗೆ ಬಾಣದ ಗುರುತುಗಳ ಸಾಲು ಬರುತ್ತದೆ: ಎಡ, ಎಡ, ಮೇಲೆ, ಬಲ, ಕೆಳಗೆ. ಮೂರು ತಾಳದೊಳಗೆ ಅವನ್ನು ಅದೇ ಕ್ರಮದಲ್ಲಿ ಒತ್ತಿ, ನಾಲ್ಕನೇ ತಾಳ ಬೀಳುವ ಗಳಿಗೆಗೆ ಹೆಬ್ಬೆರಳಿನಿಂದ ಸ್ಪೇಸ್ ಬಾರ್ ಕುಟ್ಟಬೇಕು. ಸರಿಯಾಗಿ ಬಿದ್ದರೆ ‘ಪರ್ಫೆಕ್ಟ್’ ಎಂದು ದೊಡ್ಡಕ್ಷರದಲ್ಲಿ ಬರುತ್ತದೆ, ಬೊಂಬೆ ಗಿರಕಿ ಹೊಡೆಯುತ್ತದೆ. ಕೂದಲೆಳೆಯಷ್ಟು ತಪ್ಪಿದರೆ ‘ಗ್ರೇಟ್’, ಇನ್ನೂ ತಪ್ಪಿದರೆ ‘ಕೂಲ್’, ಆಮೇಲೆ ‘ಬ್ಯಾಡ್’, ಪೂರ್ತಿ ತಪ್ಪಿದರೆ ‘ಮಿಸ್’, ಬೊಂಬೆ ಪೆಚ್ಚಾಗಿ ನಿಂತುಬಿಡುತ್ತದೆ. ಹಾಡು ಮುಂದುವರಿದಂತೆ ಬಾಣಗಳು ಹೆಚ್ಚುತ್ತ ಹೋಗುತ್ತವೆ. ನಡುನಡುವೆ ಕೆಂಪು ಬಾಣ ಬಂದರೆ ತಿರುಗಾಮುರುಗಾ ಒತ್ತಬೇಕು, ಎಡ ಅಂದರೆ ಬಲ. ಸೋತವರು ಸೊಸೆಯಂತೆ ಮೂಲೆಗೆ, ಗೆದ್ದವರು ನಡುವೆ.

ಇದರ ಪೂರ್ವೋತ್ತರ ನನಗೆ ತಿಳಿದದ್ದು ಆಮೇಲೆ. ಮೊದಲು ಜಪಾನಿನಲ್ಲಿ ಕಾಲಿನಿಂದ ತುಳಿಯುವ ಯಂತ್ರ ಬಂದಿತ್ತಂತೆ, ನೆಲದ ಮೇಲಿನ ಬಾಣಗಳ ಮೇಲೆ ಹಾರಿ ಹಾರಿ ಬೆವರು ಸುರಿಸಬೇಕು. ಆಮೇಲೆ ಕೊರಿಯಾದವರು ಕಾಲಿನ ಕೆಲಸವನ್ನು ಬೆರಳಿಗೆ ವಹಿಸಿ, ಇಂಟರ್‌ನೆಟ್ಟಿನಲ್ಲಿ ಊರೂರಿನವರು ಒಟ್ಟಿಗೆ ಕುಣಿಯುವ ಹಾಗೆ ಮಾಡಿದರು. ಆ ಪುಣ್ಯಾತ್ಮರು ಯಾರೋ ಏನೋ, ನನ್ನಂಥ ಎಮ್ಮೆಯೊಂದು ಬೀರೂರಿನಲ್ಲಿದೆ ಎಂದು ಅವರಿಗೆ ಹೇಗೆ ಗೊತ್ತಾಯಿತೋ! ಕಾಲಿಲ್ಲದ ಕುಣಿತ. ಕೇವಲ ಐದು ಗುಂಡಿ. ಗುಂಡಿ ಒತ್ತುವುದರಲ್ಲಿ ನನಗೆ ಪ್ರೈಮರಿಯಿಂದಲೂ ಒಳ್ಳೆಯ ಹೆಸರಿತ್ತು.

ಒಂದು ತಪ್ಪು ಮಾತ್ರ ಮೊದಲ ದಿನವೇ ಮಾಡಿಕೊಂಡೆ. ಹೆಸರು ಬರೆಯಿರಿ ಎಂದು ಆಟ ಕೇಳಿತು. ಅರ್ಜಿ ತುಂಬಿದ ಹಾಗೆ ಇನಿಷಿಯಲ್ ಸಮೇತ ‘ಬಿ. ಎನ್. ಗಿರಿಜ’ ಎಂದು ತುಂಬಿದೆ. ಮಿಕ್ಕವರೆಲ್ಲ ದೇವತೆ, ರಾಜಕುಮಾರ, ಕತ್ತಲ ರಾಣಿ ಎಂದೆಲ್ಲ ಹೆಸರಿಟ್ಟುಕೊಂಡಿದ್ದರು. ಅವರ ನಡುವೆ ನೀಲಿ ಕೂದಲು, ಗಿಡ್ಡ ಲಂಗದ ಒಂದು ಬೊಂಬೆ, ನೆತ್ತಿಯ ಮೇಲೆ ಬಿ. ಎನ್. ಗಿರಿಜ. ಬದಲಾಯಿಸುವುದು ಹೇಗೆಂದು ಗೊತ್ತಿರಲಿಲ್ಲ, ಹಾಗೇ ಇದ್ದುಬಿಟ್ಟೆ.

ಒಂದು ಮಧ್ಯಾಹ್ನ ಆರು ಜನರ ಕೋಣೆಯಲ್ಲಿ ಯಾರೋ ‘ಮಿಸ್’ ಆದರು. ಹಾಡು ಮುಗಿದ ಮೇಲೆ ಅವರ ಮಾತಿನ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬಂತು: "ಥೂ ಇದರ ಮನೆ ಹಾಳಾಗ."

ನನಗೆ ಮೈ ಜುಮ್ಮೆಂದಿತು. ಅಷ್ಟು ದಿನ ಯಾರು ಯಾರ ಜೊತೆಯೋ ಕುಣಿದಿದ್ದೆ, ಒಬ್ಬರೂ ನಮ್ಮ ಭಾಷೆಯಲ್ಲಿ ಬೈದಿರಲಿಲ್ಲ. "ಕನ್ನಡದೋರಾ? ಯಾವೂರು?" ಎಂದು ಕುಟ್ಟಿದೆ.

"ಅಜ್ಜಂಪುರ. ನೀವು?"

"ಬೀರೂರು."

"ಬೀರೂರಲ್ಲಿ ಯಾರ ಪೈಕಿ?"

ನೋಡಿ, ಕೊರಿಯಾದವರು ಕಟ್ಟಿದ ಸಭಾಂಗಣ, ತಲೆಯ ಮೇಲೆ ತಿರುಗುವ ಗಾಜಿನ ಗುಂಡು, ಸುತ್ತ ಯಾವ ಯಾವುದೋ ದೇಶದವರು. ಅದರ ನಡುವೆ ನಾವಿಬ್ಬರು ಬಸ್‌ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತವರ ಹಾಗೆ ಯಾರ ಪೈಕಿ ಎಂದು ವಿಚಾರಿಸಿಕೊಳ್ಳುತ್ತಿದ್ದೆವು. "ರೈಲ್ವೆ ನಂಜಪ್ಪನವರ ಮಗಳು" ಎಂದೆ.

ಮುಂದಿನ ಹಾಡು ಶುರುವಾಯಿತು. ಅಜ್ಜಂಪುರದವರ ಗುಲಾಬಿ ಲಂಗದ ಬೊಂಬೆ ಒಂದು ಬಾಣವನ್ನೂ ಒತ್ತದೆ ಸುಮ್ಮನೆ ನಿಂತಿತ್ತು. ಹಾಡು ಮುಗಿಯುವ ಹೊತ್ತಿಗೆ ಉತ್ತರ ಬಂತು: "ಹೆಸರು ನೋಡಿದಾಗ್ಲೇ ಅನ್ಕೊಂಡೆ. ಗಿರಿಜಾ, ನಾನು ಕಣೇ, ಶಶಿ."

ನನಗೆ ಅಳು ಬಂತು. ಮುಚ್ಚಿಡುವುದೇನು, ಕರ್ಟನ್ ಹಿಂದೆ ಕೂತು ಚೆನ್ನಾಗಿ ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಕುಣಿದೆವು. ಅವಳು ನಾಲ್ಕನೆಯವಳು, ನಾನು ಎರಡನೆಯವಳು. "ಎಮ್ಮೆ ಕಾಲು ಎತ್ತಂಗಾಯ್ತಲ್ಲೇ!" ಎಂದು ಬರೆದಳು.

ಅವತ್ತಿನಿಂದ ವಾರಕ್ಕೆ ಎರಡು ಸಲ, ಮಧ್ಯಾಹ್ನ ಮೂರಕ್ಕೆ, ನಮ್ಮ ಭೇಟಿ. ಜೋಡಿಯಾಗಿ ಕುಣಿಯುವ ಬಗೆಯೊಂದಿತ್ತು, ಇಬ್ಬರದೂ ಒಟ್ಟಿಗೆ ಪರ್ಫೆಕ್ಟ್ ಬಿದ್ದರೆ ನೆಲದ ಮೇಲೆ ಹೃದಯದ ಗುರುತು ಅರಳುತ್ತಿತ್ತು. ನಮ್ಮ ಕಣ್ಣು ಹೃದಯದ ಮೇಲಿರಲಿಲ್ಲ, ಮಾತಿನ ಪೆಟ್ಟಿಗೆಯ ಮೇಲಿತ್ತು. ಅಪ್ಪನಿಗೆ ಬಿ.ಪಿ. ಬಂದದ್ದು, ಅತ್ತೆಗೆ ಮಂಡಿನೋವು, ಮಾವನ ಹೊಸ ಸ್ಕೂಟರು, ಎಲ್ಲ ಎರಡು ಹಾಡುಗಳ ನಡುವಿನ ಅರ್ಧ ನಿಮಿಷದಲ್ಲಿ ಈ ಊರಿಂದ ಆ ಊರಿಗೆ ಹೋಗುತ್ತಿತ್ತು. ಅಪ್ಪ ಊಟಕ್ಕೆ ಕೂತಾಗ "ಅಜ್ಜಂಪುರದ ಕಡೆ ಮಳೆ ಆಗಿದ್ಯಂತೆ" ಎಂದು ಸುಮ್ಮನೆ ಹೇಳುತ್ತಿದ್ದೆ. ಅಪ್ಪ ಯಾರು ಹೇಳಿದರೆಂದು ಕೇಳುತ್ತಿರಲಿಲ್ಲ. ಇನ್ನೇನಾದರೂ ಹೇಳುತ್ತಾಳೇನೋ ಎಂದು ತುತ್ತು ನಿಧಾನ ಮಾಡುತ್ತಿದ್ದ.

ಹೀಗೇ ಒಂದು ವರ್ಷ ಕಳೆದಿರಬೇಕು. ಒಂದೇ ವಾರದಲ್ಲಿ ಎರಡು ಸುದ್ದಿ ಬಂದವು. ಒಂದು, ಈ ತಿಂಗಳ ಕೊನೆಗೆ ಆಟ ಬಂದ್ ಎಂದು ಪರದೆಯ ಮೇಲೆ ಕೆಂಪಕ್ಷರದ ನೋಟೀಸು. ಇನ್ನೊಂದು, ಶಶಿಗೆ ಮದುವೆ ಗೊತ್ತಾಗಿತ್ತು.

"ಸೋದರಮಾವ ಇಲ್ದೆ ನನ್ನ ಹಸೆಗೆ ಕರ್ಕೊಂಡು ಬರೋರು ಯಾರೇ?" ಎಂದು ಶಶಿ ಬರೆದಳು. "ಅಮ್ಮ ಒಬ್ಬಳೇ ಕೂತು ಅಳ್ತಾಳೆ. ಕರ್ಯಕ್ಕೆ ಹೋಗೇ ಅಂದ್ರೆ, ಬಾಗಿಲಿಂದಾಚೆಗೆ ಕಳಿಸಿಬಿಟ್ರೆ ನಾನು ಬದುಕಲ್ಲ ಅಂತಾಳೆ." ನಮ್ಮ ಮನೆಯಲ್ಲೂ ಹಾಗೇ. ಮದುವೆಯ ಸುದ್ದಿ ಹೇಗೋ ಅಪ್ಪನಿಗೂ ಮುಟ್ಟಿತ್ತು. ಶಶಿ ಹುಟ್ಟಿದಾಗ ತಾನೇ ಮಾಡಿಸಿದ್ದ ಬೆಳ್ಳಿಯ ಕಾಲ್ಗೆಜ್ಜೆಯ ತೂಕ ಎಷ್ಟಿತ್ತು ಎಂದು ಅಮ್ಮನನ್ನು ಕೇಳಿದನಂತೆ. "ಕರೀದೆ ಹೋಗಕ್ಕೆ ನಾನೇನು ಬೀದಿನಾಯಾ?" ಎಂದು ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಆಗ ನಮಗಿಬ್ಬರಿಗೂ ಒಂದು ಉಪಾಯ ಹೊಳೆಯಿತು. ಆ ಆಟದಲ್ಲಿ ಒಬ್ಬರು ಇನ್ನೊಬ್ಬರನ್ನು ತಮ್ಮ ಕೋಣೆಗೆ ಕರೆಯುವ ಒಂದು ಗುಂಡಿ ಇತ್ತು. ಒತ್ತಿದರೆ, ಇಂಥವರು ನಿಮ್ಮನ್ನು ಕರೆಯುತ್ತಿದ್ದಾರೆ ಎಂದು ಅವರ ಪರದೆಯ ಮೇಲೆ ಒಂದು ಚೀಟಿ ಮೂಡುತ್ತದೆ. ಕೆಳಗೆ ಎರಡು ಗುಂಡಿ, ‘ಆಗಲಿ’ ಅನ್ನಲು ಒಂದು, ‘ಬೇಡ’ ಅನ್ನಲು ಒಂದು. ಅತ್ತೆ ಅಲ್ಲಿ ಒತ್ತಲಿ, ಅಪ್ಪ ಇಲ್ಲಿ ಒತ್ತಲಿ. ಯಾರೂ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ, ಯಾರ ಮಾನವೂ ಹೋಗುವುದಿಲ್ಲ. ಒಮ್ಮೆ ಹೂಂ ಎಂದರೆ ಮಿಕ್ಕದ್ದು ತಾನಾಗಿ ಆಗುತ್ತದೆ. ಇಪ್ಪತ್ತರ ತಲೆಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆಯುವುದಿಲ್ಲ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಗೊತ್ತು ಮಾಡಿಕೊಂಡೆವು. ರಾತ್ರಿ ಡ್ಯೂಟಿ ಮುಗಿಸಿ ಬಂದ ಅಪ್ಪನನ್ನು ತಿಂಡಿ ತಿಂದವನೇ ಮಲಗಲು ಬಿಡದೆ, "ಅತ್ತೆ ಕರೀತಾಳಂತೆ, ಬಾರಪ್ಪ" ಎಂದೆ. ಒಂದು ಮಾತೂ ಕೇಳದೆ ಒಗೆದ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು ಹೊರಟ. ಸೈಬರ್ ಸೆಂಟರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಬಿಡುವುದು ಬೇಡ ಎಂದು ಮಾಲೀಕರು ಹೇಳಿದರೂ ಕೇಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಪರದೆ ನೋಡಿದ.

"ಈ ಗುಲಾಬಿ ಲಂಗದೋಳು ನಮ್ ಶಾಂತುನಾ?"

"ಅದು ಬೊಂಬೆ ಅಪ್ಪ. ಅತ್ತೆ ಅಲ್ಲಿ ಶಶಿ ಪಕ್ಕ ಕೂತವ್ಳೆ."

"ಚೆನ್ನಾಗವ್ಳೇನೇ?" ಎಂದ. ಬೊಂಬೆಯನ್ನು ಕೇಳಿದನೋ ತಂಗಿಯನ್ನು ಕೇಳಿದನೋ ತಿಳಿಯಲಿಲ್ಲ.

ಅಷ್ಟರಲ್ಲಿ ಮಾಲೀಕರು ರಿಜಿಸ್ಟರಿನಲ್ಲಿ ಸಹಿ ಹಾಕಲು ಕರೆದರು. ನಾಲ್ಕು ಹೆಜ್ಜೆಯ ದೂರ. ಹೆಸರು ಬರೆದು, ಸಹಿ ಹಾಕಿ ಬರುವಷ್ಟರಲ್ಲಿ ಚೀಟಿ ಮೂಡಿ ಮಾಯವಾಗಿತ್ತು. ಅಪ್ಪನ ಕೈ ಮೌಸಿನ ಮೇಲಿತ್ತು, ಮುಖದಲ್ಲಿ ಸಣ್ಣ ನಗುವಿತ್ತು.

"ಬಂತಾ? ಏನೊತ್ತಿದೆ ಅಪ್ಪ?"

"ಬ್ಯಾಡ ಅಂತ ಒತ್ತಿದೆ."

"ಯಾಕಪ್ಪಾ?"

"ಇನ್ನೇನೇ ಮತ್ತೆ? ಕರ್ದ ತಕ್ಷಣ ಹೂಂ ಅನ್ನಕ್ಕಾಗುತ್ತಾ? ಕಾದು ಕೂತಿದ್ದ ಅನ್ಕೊಳಲ್ವಾ ಅವ್ಳು? ಇರು, ಇನ್ನೊಂದ್ ಸಲ ಕರೀತಾಳೆ."

ಅಪ್ಪನದೇನು ತಪ್ಪು ಹೇಳಿ. ನಾವು ಯಾರ ಮನೆಗೆ ಹೋದರೂ ಕಾಫಿ ಅಂದರೆ ಮೊದಲು ಬೇಡ ಅನ್ನುವವರು. ಊಟ ಅಂದರೆ ಈಗ ತಾನೇ ಆಯಿತು ಅನ್ನುವವರು, ಹೊಟ್ಟೆ ಚುರುಗುಟ್ಟುತ್ತಿದ್ದರೂ. ಬೇಡ ಅಂದವರನ್ನು ಬಿಡದೆ ಕೈ ಹಿಡಿದು ಕೂರಿಸುವವರು. ಆ ಪೆಟ್ಟಿಗೆಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಒಂದೇ ಸಲ ಕೇಳಿತು, ಒಂದೇ ಉತ್ತರ ತೆಗೆದುಕೊಂಡು ಹೋಯಿತು.

ಗುಲಾಬಿ ಲಂಗದ ಬೊಂಬೆ ಕಾಣೆಯಾಯಿತು. ನಾನು ಬರೆದೆ, ಮತ್ತೆ ಬರೆದೆ. ಅಪ್ಪ ಮೌಸಿನ ಮೇಲಿಂದ ಕೈ ತೆಗೆಯದೆ ಕೂತಿದ್ದ. "ಕರೆಂಟ್ ಹೋಗಿರ್ಬೇಕು ಕಣೇ. ಅಜ್ಜಂಪುರದಲ್ಲಿ ಹೊತ್ತಲ್ದ ಹೊತ್ತಲ್ಲಿ ತೆಗೀತಾರೆ" ಎಂದ. ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ನಗು ಮುಖದಿಂದ ಇಳಿದುಹೋಗಿತ್ತು. ಕೊನೆಗೆ ಕೇಳಿದ, "ಅವ್ಳಿಗೆ ಏನಂತ ಕಾಣ್ತು ಅಲ್ಲಿ?"

ಹೇಳಲೋ ಬೇಡವೋ ಎಂದು ಹಿಂದೆ ಮುಂದೆ ನೋಡಿ ಹೇಳಿದೆ. "ನೀನು ಕರೆದದ್ದನ್ನ ಅವರು ಒಲ್ಲೆ ಅಂದ್ರು, ಅಂತ ಕೆಂಪಗೆ ಬರುತ್ತಪ್ಪ."

"ಒಂದೇ ಸಲಕ್ಕಾ?"

"ಹೂಂ."

ಅಪ್ಪ ಎದ್ದ. ಮನೆಯ ಕಡೆ ತಿರುಗಲಿಲ್ಲ, ಸ್ಟೇಷನ್ನಿನ ಕಡೆ ತಿರುಗಿದ. ನಾನು ಅವನ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿದೆ. ಬರಿಗಾಲಲ್ಲೇ ಹೊರಟುಬಿಟ್ಟಿದ್ದ. ಗೇಟಿನ ಹತ್ತಿರ ಒಂದು ಚಿಪ್ಪು ಬಾಳೆಹಣ್ಣು, ಎರಡು ಮೊಳ ಮಲ್ಲಿಗೆ ಕೊಂಡ. ಹುಬ್ಬಳ್ಳಿ ಕಡೆಯ ಪ್ಯಾಸೆಂಜರಿನಲ್ಲಿ ಕಿಟಕಿಯ ಪಕ್ಕ ಕೂತವನು ಅಜ್ಜಂಪುರ ಬರುವ ತನಕ ಆ ಹಣ್ಣು ಹೂವನ್ನು ಮಡಿಲಿಂದ ಇಳಿಸಲಿಲ್ಲ.

ಅತ್ತೆ ಜಗಲಿಯ ಮೇಲೆ ಅಕ್ಕಿ ಕೇರುತ್ತಿದ್ದಳು. ಕಣ್ಣು ಊದಿಕೊಂಡಿತ್ತು. ನಮ್ಮನ್ನು ನೋಡಿದವಳೇ ಮೊರ ಇಟ್ಟು ಒಳಗೆ ಹೋದಳು. ಅಪ್ಪ ಅಂಗಳದಲ್ಲೇ ನಿಂತ. ಅತ್ತೆ ಹೊರಗೆ ಬಂದಳು. ಕೈಯಲ್ಲಿ ನೀರಿನ ಚೊಂಬು.

"ಶಾಂತೂ, ಆ ಡಬ್ಬ ನಿಂಗೇನು ಹೇಳ್ತೋ ನಂಗೊತ್ತಿಲ್ಲ" ಎಂದ ಅಪ್ಪ. "ನಾನು ಬರಲ್ಲ ಅನ್ಲಿಲ್ಲ ಕಣಮ್ಮ."

"ಮತ್ತೇನಂದೆ?"

"ಇನ್ನೊಂದ್ ಸಲ ಕರಿ ಅಂದೆ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಅತ್ತಳೋ, ಎರಡೂ ಇತ್ತು. "ಆರು ವರ್ಷದಿಂದ ಒಳಗೇ ಕರೀತಾನೇ ಇದೀನಿ ಕಣಣ್ಣ. ಕಾಲು ತೊಳ್ಕೊ, ಬಾ" ಎಂದಳು.

ಒಳಗಿನಿಂದ ಶಶಿ ಓಡಿ ಬಂದಳು. ನಾವಿಬ್ಬರೂ ಎದುರುಬದುರು ನಿಂತು ಪೆಕರುಗಳ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡೆವು. ಪರದೆಯ ಮೇಲೆ ಅಷ್ಟು ಕುಣಿದವರಿಗೆ ಕೈ ಎಲ್ಲಿಡಬೇಕು ಎನ್ನುವುದೇ ತಿಳಿಯಲಿಲ್ಲ. "ಏನೇ ಇಷ್ಟುದ್ದ ಆಗಿದೀಯ" ಎಂದಳು. ಆಮೇಲೆ ಗಟ್ಟಿಯಾಗಿ ತಬ್ಬಿಕೊಂಡಳು.

ಆಟ ಆ ತಿಂಗಳ ಕೊನೆಗೆ ನಿಂತೇಹೋಯಿತು. ಈಗ ಫೋನಿನಲ್ಲೇ ಅಂಥವು ಹತ್ತಾರು ಬಂದಿವೆ, ಹಳೆಯದನ್ನೇ ಯಾರೋ ಹುಡುಗರು ಹೊಸದಾಗಿ ಎಬ್ಬಿಸಿದ್ದಾರೆ ಎಂದೂ ಕೇಳಿದ್ದೇನೆ. ಒಮ್ಮೆ ಒಳಗೆ ಹೋಗಿ ನೋಡಿದೆ. ಬೆರಳು ಇನ್ನೂ ಮರೆತಿಲ್ಲ, ಆದರೆ ಯಾರ ಪೈಕಿ ಎಂದು ಕೇಳುವವರು ಒಬ್ಬರೂ ಸಿಗಲಿಲ್ಲ. ಐದು ನಿಮಿಷಕ್ಕೆ ಹೊರಗೆ ಬಂದೆ.

ಅವತ್ತಿನ ಮಾತು ಪೂರ್ತಿ ಮಾಡಿಬಿಡುತ್ತೇನೆ. ರೊಟ್ಟಿ, ಎಣ್ಣೆಗಾಯಿ ಊಟವಾದ ಮೇಲೆ ಅಪ್ಪ "ಐದು ನಿಮಿಷ" ಎಂದು ಪಡಸಾಲೆಯ ಚಾಪೆಯ ಮೇಲೆ ಒರಗಿದವನು ಗೊರಕೆ ಹೊಡೆಯತೊಡಗಿದ. ಅತ್ತೆ ಒಳಗೆ ಹೋಗಿ ಒಂದು ತಟ್ಟೆ ಸಜ್ಜು ಮಾಡಿಕೊಂಡು ಬಂದಳು. ಶಶಿಯ ಲಗ್ನಪತ್ರಿಕೆ, ಎಲೆ ಅಡಿಕೆ, ತೆಂಗಿನಕಾಯಿ, ಅರಿಶಿನ ಕುಂಕುಮ. ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಅಣ್ಣನ ಪಕ್ಕ ಕೂತಳು. ಕೂತೇ ಇದ್ದಳು. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು.

"ಅತ್ತೆ, ಬೀರೂರಿನ ಗಾಡಿ ಹೊತ್ತಾಯ್ತು. ಎಬ್ಬಿಸ್ಲಾ?" ಎಂದು ಪಿಸುಗುಟ್ಟಿದೆ.

"ಬ್ಯಾಡ ಕಣೇ. ರಾತ್ರಿಯೆಲ್ಲ ನಿದ್ದೆಗೆಟ್ಟವ್ನೆ."

"ತಟ್ಟೆನಾದ್ರೂ ಕೆಳಗಿಡು, ಕೈ ನೋಯುತ್ತೆ."

"ನೋಯ್ಲಿ ಬಿಡು. ಏಳ್ತಾನಲ್ಲ, ಕೈಗೇ ಕೊಡ್ತೀನಿ."

ಸ್ಟೇಷನ್ನಿನ ಕಡೆಯಿಂದ ಗಾಡಿ ಕೂಗಿತು, ನಿಂತಿತು, ಮತ್ತೆ ಕೂಗಿ ಹೊರಟುಹೋಯಿತು. ಅಪ್ಪ ಮಗ್ಗುಲು ಬದಲಾಯಿಸಿದ. ಅತ್ತೆ ತಟ್ಟೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು, ಅವನ ಮುಖವನ್ನೇ ನೋಡುತ್ತ ಕಾದಳು.